ದಿನಸಿ ಪದಾರ್ಥಗಳ ಇಂಗಾಲದ ಲೆಕ್ಕ: ವರ್ತಕರೂ ಸಣ್ಣ ಉದ್ದಿಮೆದಾರರೂ ತಿಳಿದಿರಬೇಕಾದ ವಿಚಾರಗಳು

ಬೆಲೆ, ತೂಕ, ಗುಣಮಟ್ಟ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಕೊಟ್ಟು ಸರಕು ಮಾರುವುದು ನಮ್ಮ ವರ್ತಕರಿಗೂ ಸಣ್ಣ ಉದ್ದಿಮೆದಾರರಿಗೂ ಹೊಸದಲ್ಲ. ಈಗ ಇವುಗಳ ಜೊತೆಗೆ ನಾಲ್ಕನೆಯ ಪ್ರಶ್ನೆಯೊಂದು ಸೇರಿಕೊಳ್ಳುತ್ತಿದೆ. ಒಂದು ಕಿಲೋ ಪದಾರ್ಥವು ಹೊಲದಿಂದ ಹೊರಟು, ಸಿದ್ಧವಾಗಿ, ಅಂಗಡಿ ಸೇರುವಷ್ಟರಲ್ಲಿ ವಾತಾವರಣಕ್ಕೆ ಎಷ್ಟು ಇಂಗಾಲ ಸೇರಿತು ಎಂಬುದೇ ಆ ಪ್ರಶ್ನೆ. ಷೇರುಪೇಟೆಯಲ್ಲಿ ನೋಂದಾಯಿತವಾದ ಅಗ್ರ 1000 ಕಂಪನಿಗಳು ಪರಿಸರ ಹಾಗೂ ಸಾಮಾಜಿಕ ಹೊಣೆಗಾರಿಕೆಯ ವರದಿ ಸಲ್ಲಿಸುವುದನ್ನು ಸೆಬಿಯು 2022-23ನೇ ಸಾಲಿನಿಂದ ಕಡ್ಡಾಯಗೊಳಿಸಿದೆ. ಇಂತಹ ಕಂಪನಿಗಳು ತಮ್ಮ ಲೆಕ್ಕವನ್ನು ಪೂರ್ಣಗೊಳಿಸಬೇಕಾದರೆ ತಮಗೆ ಸರಕು ಪೂರೈಸುವವರ ಕಡೆಗೂ ತಿರುಗಬೇಕಾಗುತ್ತದೆ. ಹೀಗಾಗಿ ಕಾನೂನು ನೇರವಾಗಿ ಅನ್ವಯಿಸದ ಸಣ್ಣ ಘಟಕಕ್ಕೂ ಖರೀದಿದಾರನ ಪ್ರಶ್ನಾವಳಿಯ ಮೂಲಕ ಈ ವಿಷಯ ಬಂದು ತಲುಪುತ್ತದೆ.

ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಏನಾಗುತ್ತದೆ? ಖರೀದಿದಾರನು ಆ ಜಾಗವನ್ನು ಖಾಲಿ ಬಿಡುವುದಿಲ್ಲ. ಜಾಗತಿಕ ಸರಾಸರಿ ಅಂಕಿಯೊಂದನ್ನು ತಂದು ನಮ್ಮ ಸರಕಿನ ಮುಂದೆ ಬರೆದುಕೊಳ್ಳುತ್ತಾನೆ. ಆ ಸರಾಸರಿಯು ಕೋಲಾರದ ಬಯಲಿನಲ್ಲಿ ಬೆಳೆದ ಟೊಮೆಟೊಗೂ ಶೀತ ದೇಶದ ಗಾಜಿನ ಮನೆಯಲ್ಲಿ ಬೆಂಕಿ ಕಾಯಿಸಿ ಬೆಳೆದ ಟೊಮೆಟೊಗೂ ಒಂದೇ ಆಗಿರಬಹುದು. ಆದ್ದರಿಂದ ನಮ್ಮ ಸರಕಿನ ಲೆಕ್ಕವನ್ನು ನಾವೇ ಇಟ್ಟುಕೊಳ್ಳುವುದು ವ್ಯಾಪಾರದ ದೃಷ್ಟಿಯಿಂದಲೇ ಅಗತ್ಯವಾಗಿದೆ.

ಗಣಿಯ ಊರು ಕಲಿಸಿದ ಪಾಠ

ಚಾಂಪಿಯನ್ ರೀಫ್ಸ್‌ನಂತಹ ಊರಿಗೆ ಇಂತಹ ಲೆಕ್ಕದ ಕ್ರಮ ಅಪರಿಚಿತವೇನಲ್ಲ. ಮೂರು ಕಿಲೋಮೀಟರಿಗೂ ಮಿಕ್ಕ ಆಳದಿಂದ ಅದಿರನ್ನು ಮೇಲೆತ್ತಿದ ಈ ಗಣಿಯಲ್ಲಿ ಅದಿರಿನ ಮಾದರಿಯನ್ನು ಪರೀಕ್ಷಿಸಿ, ಒಂದು ಟನ್ನಿಗೆ ಎಷ್ಟು ಗ್ರಾಂ ಚಿನ್ನ ಎಂದು ಬರೆದಿಡುವುದು ನಿತ್ಯದ ಕೆಲಸವಾಗಿತ್ತು. ಒಂದು ಕಿಲೋ ಆಹಾರಕ್ಕೆ ಎಷ್ಟು ಗ್ರಾಂ ಇಂಗಾಲ ಎಂದು ಬರೆದಿಡುವುದೂ ಅದೇ ಬಗೆಯ ಕೆಲಸ. ಮಾದರಿ ಸರಿಯಾಗಿರಬೇಕು, ತೂಕ ಸರಿಯಾಗಿರಬೇಕು, ಪುಸ್ತಕ ಪ್ರಾಮಾಣಿಕವಾಗಿರಬೇಕು.

ಲೆಕ್ಕದಿಂದ ಹೊರಗುಳಿದದ್ದು ಎಲ್ಲಿಗೂ ಹೋಗುವುದಿಲ್ಲ ಎಂಬುದನ್ನೂ ಈ ಊರು ಬಲ್ಲದು. ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಚಿನ್ನ ತೆಗೆದ ಬಳಿಕ ಉಳಿದ ಪುಡಿಮಣ್ಣಿನ ಸೈನೈಡ್ ದಿಬ್ಬಗಳು ಸುಮಾರು 3.3 ಕೋಟಿ ಟನ್‌ಗಳಷ್ಟಿವೆಯೆಂಬ ಅಂದಾಜಿದ್ದು, ಗಾಳಿ ಬೀಸಿದಾಗಲೆಲ್ಲ ಅವುಗಳ ಧೂಳು ಮನೆಗಳ ಮೇಲೆ ಬೀಳುತ್ತದೆ. ಚಿನ್ನದ ಬೆಲೆಯಲ್ಲಿ ಸೇರದ ಆ ವೆಚ್ಚವನ್ನು ಊರಿನವರು ಹೊರುತ್ತಿದ್ದಾರೆ. ದಿಬ್ಬ ಕಣ್ಣಿಗೆ ಕಾಣುತ್ತದೆ, ಹೊಗೆಯೊಡನೆ ಹೋದ ಇಂಗಾಲ ಕಾಣುವುದಿಲ್ಲ. ಇವೆರಡರ ನಡುವಿನ ವ್ಯತ್ಯಾಸ ಅಷ್ಟೇ.

ಇಲ್ಲಿನ ಇತಿಹಾಸದಲ್ಲಿ ಇನ್ನೊಂದು ಸಂಗತಿಯೂ ಇದೆ. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ತಂತಿಯ ಮೂಲಕ ಈ ಗಣಿಗಳಿಗೆ ಹರಿದು ಬಂದಿತು. ಬೀಳುವ ನೀರಿನಿಂದ ಬಂದ ಆ ವಿದ್ಯುತ್ತಿನ ಹಿಂದೆ ಇಂಧನದ ಹೊಗೆ ಇರಲಿಲ್ಲ. ಇಂದು ನಮ್ಮ ಘಟಕಗಳಿಗೆ ಬರುವುದು ಇಡೀ ದೇಶಕ್ಕೆ ಒಂದಾದ ಜಾಲದ ವಿದ್ಯುತ್ತು. ಅದರ ಬಹುಪಾಲು ಕಲ್ಲಿದ್ದಲಿನದು. ಕೇಂದ್ರ ವಿದ್ಯುಚ್ಛಕ್ತಿ ಪ್ರಾಧಿಕಾರದ ಲೆಕ್ಕದಂತೆ ಒಂದು ಯೂನಿಟ್‌ಗೆ ಸುಮಾರು 0.7 ಕಿ.ಗ್ರಾಂ. ಇಂಗಾಲದ ಡೈಆಕ್ಸೈಡ್ ಹೊಮ್ಮುತ್ತದೆ. ಅದೇ ಯಂತ್ರ, ಅದೇ ಕೆಲಸ, ಆದರೆ ವಿದ್ಯುತ್ತಿನ ಮೂಲ ಬದಲಾದರೆ ಲೆಕ್ಕವೂ ಬದಲಾಗುತ್ತದೆ.

ಹೆಜ್ಜೆಗುರುತು ಎಂದರೇನು?

ಒಂದು ಪದಾರ್ಥದ ಉತ್ಪಾದನೆ, ಸಂಸ್ಕರಣೆ, ಸಾಗಣೆ ಹಾಗೂ ಬಳಕೆಯ ಹಂತಗಳಲ್ಲಿ ಹೊರಬೀಳುವ ಹಸಿರುಮನೆ ಅನಿಲಗಳ ಒಟ್ಟು ಮೊತ್ತವನ್ನು ಅದರ ಇಂಗಾಲದ ಹೆಜ್ಜೆಗುರುತು ಎನ್ನಲಾಗುತ್ತದೆ. ಆಹಾರದ ಮಟ್ಟಿಗೆ ಮೂರು ಅನಿಲಗಳು ಮುಖ್ಯ. ಇಂಧನ ಉರಿದಾಗ ಇಂಗಾಲದ ಡೈಆಕ್ಸೈಡ್ ಬರುತ್ತದೆ. ನೀರು ನಿಂತ ಭತ್ತದ ಗದ್ದೆಯಿಂದಲೂ ಮೆಲುಕು ಹಾಕುವ ದನಗಳ ಹೊಟ್ಟೆಯಿಂದಲೂ ಮೀಥೇನ್ ಬರುತ್ತದೆ. ಸಾರಜನಕ ಗೊಬ್ಬರ ಹಾಕಿದ ಮಣ್ಣಿನಿಂದ ನೈಟ್ರಸ್ ಆಕ್ಸೈಡ್ ಬರುತ್ತದೆ. ನೂರು ವರ್ಷಗಳ ಅವಧಿಯಲ್ಲಿ ಒಂದು ಕಿಲೋ ಜೈವಿಕ ಮೀಥೇನ್ ಸುಮಾರು 27 ಕಿಲೋ ಇಂಗಾಲದ ಡೈಆಕ್ಸೈಡಿಗೂ, ಒಂದು ಕಿಲೋ ನೈಟ್ರಸ್ ಆಕ್ಸೈಡ್ ಸುಮಾರು 273 ಕಿಲೋಗೂ ಸಮ ಎಂದು ವಿಶ್ವಸಂಸ್ಥೆಯ ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿ ನಿಗದಿಪಡಿಸಿದೆ. ಬೇರೆ ಬೇರೆ ನಾಣ್ಯಗಳನ್ನು ರೂಪಾಯಿಗೆ ಪರಿವರ್ತಿಸಿ ಕೂಡುವಂತೆ ಎಲ್ಲವನ್ನೂ ಇಂಗಾಲದ ಡೈಆಕ್ಸೈಡಿಗೆ ಪರಿವರ್ತಿಸಿ ಕೂಡಲಾಗುತ್ತದೆ. ಈ ಲೇಖನದಲ್ಲಿ ಮುಂದೆ 'ಇಂಗಾಲ' ಎಂದಾಗಲೆಲ್ಲ ಹೀಗೆ ಪರಿವರ್ತಿಸಿದ ಮೊತ್ತವನ್ನೇ ಉದ್ದೇಶಿಸಲಾಗಿದೆ.

ಈ ಲೆಕ್ಕದ ವಿಧಾನಕ್ಕೆ ಮೊದಲ ವ್ಯವಸ್ಥಿತ ರೂಪ ಕೊಟ್ಟದ್ದು ಬ್ರಿಟನ್ನಿನಲ್ಲಿ 2008ರಲ್ಲಿ ಪ್ರಕಟವಾದ ಪಿಎಎಸ್ 2050 ಎಂಬ ನಿರ್ದಿಷ್ಟಸೂಚಿ. ಪ್ರಸ್ತುತ ಐಎಸ್‌ಒ 14067 ಎಂಬ 2018ರ ಅಂತರರಾಷ್ಟ್ರೀಯ ಮಾನಕ ಬಳಕೆಯಲ್ಲಿದೆ. ಲೆಕ್ಕ ಎಲ್ಲಿಂದ ಎಲ್ಲಿಯವರೆಗೆ ಎಂಬ ಗಡಿಯನ್ನು ಮೊದಲೇ ಹೇಳಬೇಕು, ಯಾವ ಅಳತೆಗೆ ಎಂಬುದನ್ನು ಸ್ಪಷ್ಟಪಡಿಸಬೇಕು, ಸ್ವಂತ ಅಂಕಿ ಯಾವುದು, ಎರವಲು ಅಂಕಿ ಯಾವುದು ಎಂದು ಬೇರ್ಪಡಿಸಿ ತೋರಿಸಬೇಕು ಎಂಬಿವು ಇದರ ಮುಖ್ಯ ನಿಯಮಗಳು.

ಅಂಗಡಿಯ ಕಪಾಟಿನಲ್ಲಿ ಒಂದು ನೋಟ

ಚಾಂಪಿಯನ್ ರೀಫ್ಸ್‌ನ ಯಾವುದೇ ದಿನಸಿ ಅಂಗಡಿಯಲ್ಲಿ ದೊರೆಯುವ ಅಕ್ಕಿ, ರಾಗಿ, ಹಾಲು ಮತ್ತು ಟೊಮೆಟೊಗಳನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಪೂರ್ ಮತ್ತು ನೆಮೆಚೆಕ್ ಎಂಬ ಸಂಶೋಧಕರು 119 ದೇಶಗಳ ಸುಮಾರು 38,700 ಕೃಷಿ ಘಟಕಗಳ ಮಾಹಿತಿಯನ್ನು ಕ್ರೋಡೀಕರಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಜಾಗತಿಕ ಸರಾಸರಿಗಳನ್ನು ಇಂದು ವ್ಯಾಪಕವಾಗಿ ಬಳಸಲಾಗುತ್ತಿದೆ. ಅದರ ಪ್ರಕಾರ ಒಂದು ಕಿಲೋ ಅಕ್ಕಿಗೆ ಸುಮಾರು 4.5 ಕಿ.ಗ್ರಾಂ., ಒಂದು ಲೀಟರ್ ಹಾಲಿಗೆ ಸುಮಾರು 3.2 ಕಿ.ಗ್ರಾಂ., ಒಂದು ಕಿಲೋ ಟೊಮೆಟೊಗೆ ಸುಮಾರು 2.1 ಕಿ.ಗ್ರಾಂ. ಇಂಗಾಲ ಬರುತ್ತದೆ.

ಅಕ್ಕಿಯ ಅಂಕಿ ದೊಡ್ಡದಾಗಿರಲು ಗದ್ದೆಯ ಮೀಥೇನ್ ಮುಖ್ಯ ಕಾರಣ. ನಿಂತ ನೀರಿನಡಿಯ ಮಣ್ಣಿಗೆ ಗಾಳಿ ಸಿಗದೆ ಕೊಳೆಯುವ ಸಾವಯವ ಪದಾರ್ಥದಿಂದ ಈ ಅನಿಲ ಹುಟ್ಟುತ್ತದೆ. ನಡುನಡುವೆ ನೀರು ಬಸಿದು ಗದ್ದೆಯನ್ನು ಆರಗೊಟ್ಟರೆ ಅದು ಗಣನೀಯವಾಗಿ ತಗ್ಗುತ್ತದೆ. ಬಂಗಾರಪೇಟೆಯ ಅಕ್ಕಿ ಗಿರಣಿಯವರ ಕೈಯಲ್ಲಿ ಗದ್ದೆಯಿಲ್ಲವಾದರೂ ಇಳುವರಿ ಇದೆ. ಒಂದು ಕಿಲೋ ಭತ್ತದ ಹಿಂದೆ 2 ಕಿ.ಗ್ರಾಂ. ಇಂಗಾಲ ಇದೆಯೆಂದೂ, ತವುಡು ಮತ್ತು ನುಚ್ಚಿನ ಪಾಲನ್ನು ಸದ್ಯಕ್ಕೆ ಬಿಟ್ಟಿದ್ದೇವೆಂದೂ ಇಟ್ಟುಕೊಳ್ಳೋಣ. ನೂರು ಕಿಲೋ ಭತ್ತದಿಂದ 62 ಕಿಲೋ ಅಕ್ಕಿ ಬಂದರೆ ಕಿಲೋ ಅಕ್ಕಿಗೆ 3.2 ಕಿ.ಗ್ರಾಂ. ಬೀಳುತ್ತದೆ, 67 ಕಿಲೋ ಬಂದರೆ 3.0ಕ್ಕೆ ಇಳಿಯುತ್ತದೆ. ಗಿರಣಿಯ ಲಾಭವೂ ಇಂಗಾಲದ ಉಳಿತಾಯವೂ ಇಲ್ಲಿ ಒಂದೇ ದಾರಿಯಲ್ಲಿವೆ.

ರಾಗಿಯ ಸ್ಥಿತಿ ಬೇರೆ. ಮಳೆಯಾಶ್ರಯದ ಹೊಲದಲ್ಲಿ ನೀರು ನಿಲ್ಲುವುದಿಲ್ಲವಾದ್ದರಿಂದ ಗದ್ದೆಯಂತೆ ಮೀಥೇನ್ ಏಳುವುದಿಲ್ಲ, ಗೊಬ್ಬರದ ಬಳಕೆಯೂ ಸಾಮಾನ್ಯವಾಗಿ ಕಡಿಮೆ. ಆದರೆ ಹೊರಗಿನ ಖರೀದಿದಾರನ ಕೋಷ್ಟಕದಲ್ಲಿ ರಾಗಿ ಎಂಬ ಸಾಲೇ ಇಲ್ಲದಿದ್ದರೆ, 'ಇತರ ಧಾನ್ಯ' ಎಂಬ ಸಾಲಿನ ಅಂಕಿಯನ್ನೇ ನಮ್ಮ ರಾಗಿ ಹಿಟ್ಟಿಗೂ ರಾಗಿ ಬಿಸ್ಕತ್ತಿಗೂ ಅಂಟಿಸುವ ಸಂಭವವಿದೆ. 2023ನ್ನು ಸಿರಿಧಾನ್ಯಗಳ ಅಂತರರಾಷ್ಟ್ರೀಯ ವರ್ಷವೆಂದು ವಿಶ್ವಸಂಸ್ಥೆ ಆಚರಿಸಿದ ಬಳಿಕ ಈ ಸರಕಿಗೆ ತೆರೆದಿರುವ ಮಾರುಕಟ್ಟೆಯಲ್ಲಿ ಅದರ ನಿಜವಾದ ಅನುಕೂಲವನ್ನು ತೋರಿಸಬೇಕಾದರೆ ರೈತರಿಂದ ಪಡೆದ ಸ್ವಂತ ಅಂಕಿಯೇ ಬೇಕು.

ಹಾಲಿನ ಲೆಕ್ಕದಲ್ಲಿ ದನದ ಹೊಟ್ಟೆಯ ಮೀಥೇನ್ ಪ್ರಧಾನ. ಭಾರತ ಉಪಖಂಡದ ಹಾಲು ಕೊಡುವ ಹಸುವಿಗೆ ವರ್ಷಕ್ಕೆ 58 ಕಿಲೋ ಮೀಥೇನ್ ಎಂದು ಅಂತರಸರ್ಕಾರಿ ಸಮಿತಿಯ 2006ರ ಮಾರ್ಗಸೂಚಿ ಅಂದಾಜಿಸಿತ್ತು. ಹಸು 60 ಕಿಲೋ ಮೀಥೇನ್ ಬಿಟ್ಟು 1,500 ಲೀಟರ್ ಹಾಲು ಕೊಟ್ಟರೆ ಲೀಟರಿಗೆ 1.08 ಕಿ.ಗ್ರಾಂ. ಆಗುತ್ತದೆ. ಹೆಚ್ಚು ಮೇವು ತಿಂದು 80 ಕಿಲೋ ಬಿಟ್ಟರೂ 3,000 ಲೀಟರ್ ಕೊಡುವ ಹಸುವಿನಲ್ಲಿ ಅದು 0.72ಕ್ಕೆ ಇಳಿಯುತ್ತದೆ. ಮೇವು, ಸಗಣಿ, ಶೈತ್ಯೀಕರಣಗಳ ಪಾಲು ಇದಕ್ಕೆ ಪ್ರತ್ಯೇಕವಾಗಿ ಸೇರಬೇಕು.

ಟೊಮೆಟೊ ನಮ್ಮ ಜಿಲ್ಲೆಯ ಪ್ರಮುಖ ವಾಣಿಜ್ಯ ಸರಕು. ಜಾಗತಿಕ ಸರಾಸರಿಯಲ್ಲಿ ಬಿಸಿ ಮಾಡಿದ ಗಾಜಿನ ಮನೆಗಳ ಇಂಧನವೂ ಸೇರಿದೆ, ಕೋಲಾರದ ಬಯಲು ಬೆಳೆಗೆ ಆ ವೆಚ್ಚವಿಲ್ಲ. ಆದರೆ ನಮ್ಮಲ್ಲಿ ಎರಡು ವಿಶೇಷ ಬಾಬ್ತುಗಳಿವೆ. ಮೊದಲನೆಯದು ಕೊಳವೆಬಾವಿ. ಸಾವಿರ ಲೀಟರ್ ನೀರನ್ನು 300 ಮೀಟರ್ ಆಳದಿಂದ, ಶೇ. 40ರ ದಕ್ಷತೆಯ ಪಂಪಿನಿಂದ ಎತ್ತಲು ಸುಮಾರು 2 ಯೂನಿಟ್ ಬೇಕು, ಅಂದರೆ 1.4 ಕಿ.ಗ್ರಾಂ. ಇಂಗಾಲ. ಕಿಲೋ ಟೊಮೆಟೊಗೆ 60 ಲೀಟರ್ ನೀರೆಂದು ಹಿಡಿದರೆ ಸುಮಾರು 84 ಗ್ರಾಂ ಆಗುತ್ತದೆ, ಹನಿ ನೀರಾವರಿಯಿಲ್ಲದೆ ಅದರ ಎರಡರಷ್ಟು ಹರಿಸಿದರೆ ಅಂಕಿಯೂ ಇಮ್ಮಡಿಸುತ್ತದೆ. ಹತ್ತು ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟಿಗೆ ರಾಜ್ಯದಲ್ಲಿ ವಿದ್ಯುತ್ ಉಚಿತವಾದ್ದರಿಂದ ಈ ಬಾಬ್ತಿಗೆ ಬಿಲ್ಲಿಲ್ಲ. ಬಿಲ್ಲಿಲ್ಲದ ಮಾತ್ರಕ್ಕೆ ಇಂಗಾಲವಿಲ್ಲವೆಂದಲ್ಲ. ಎರಡನೆಯದು ಗೊಬ್ಬರ. 45 ಕಿಲೋ ಯೂರಿಯಾ ಚೀಲವೊಂದರಲ್ಲಿ ಸುಮಾರು 20.7 ಕಿಲೋ ಸಾರಜನಕವಿದೆ. ಅದರ ಶೇ. 1ರಷ್ಟು ನೈಟ್ರಸ್ ಆಕ್ಸೈಡ್ ರೂಪದಲ್ಲಿ ಹೋಗುತ್ತದೆಂಬ ಸಾಮಾನ್ಯ ಸೂತ್ರದಂತೆ ಒಂದು ಚೀಲಕ್ಕೆ ಹೊಲದಲ್ಲೇ ಸುಮಾರು 90 ಕಿ.ಗ್ರಾಂ. ಇಂಗಾಲ ಏಳುತ್ತದೆ. ಕಾರ್ಖಾನೆಯಲ್ಲಿ ಯೂರಿಯಾ ತಯಾರಿಸಿದ ಇಂಗಾಲ ಇದಕ್ಕೆ ಹೊರತು.

ದೂರಕ್ಕಿಂತ ಹೊರೆ ಮುಖ್ಯ

ದೂರದಿಂದ ಬಂದದ್ದು ಕೆಟ್ಟದ್ದು, ಹತ್ತಿರದ್ದು ಒಳ್ಳೆಯದು ಎಂಬ ಸಾಮಾನ್ಯ ನಂಬಿಕೆಯನ್ನು ಅಂಕಿಗಳು ಪೂರ್ತಿ ಸಮರ್ಥಿಸುವುದಿಲ್ಲ. ಮೇಲೆ ಹೇಳಿದ ಅಧ್ಯಯನದಂತೆ ಆಹಾರದ ಒಟ್ಟು ಇಂಗಾಲದಲ್ಲಿ ಸಾಗಣೆಯ ಪಾಲು ಸುಮಾರು ಶೇ. 6 ಮಾತ್ರ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿ.ಗ್ರಾಂ. ಇಂಗಾಲ ಬರುತ್ತದೆ. ಕೋಲಾರದಿಂದ 2,200 ಕಿಲೋಮೀಟರ್ ದೂರದ ಉತ್ತರ ಭಾರತದ ಮಾರುಕಟ್ಟೆಗೆ 10 ಟನ್ ಟೊಮೆಟೊ ಹೊತ್ತ ಲಾರಿ ಲೀಟರಿಗೆ 4 ಕಿಲೋಮೀಟರ್ ಓಡಿದರೆ 550 ಲೀಟರ್ ಡೀಸೆಲ್ ಖರ್ಚಾಗುತ್ತದೆ, ಅಂದರೆ ಕಿಲೋ ಟೊಮೆಟೊಗೆ ಸುಮಾರು 150 ಗ್ರಾಂ. ಅದೇ ಕೋಲಾರದಿಂದ ಚಾಂಪಿಯನ್ ರೀಫ್ಸ್‌ಗೆ ಕೇವಲ 100 ಕಿಲೋ ತುಂಬಿಕೊಂಡ ಸಣ್ಣ ಗೂಡ್ಸ್ ವಾಹನ, ಬರಿದಾಗಿ ಮರಳುವುದೂ ಸೇರಿ 60 ಕಿಲೋಮೀಟರ್ ಓಡಿ 5 ಲೀಟರ್ ಡೀಸೆಲ್ ಸುಟ್ಟರೆ ಕಿಲೋಗೆ 135 ಗ್ರಾಂ ಬೀಳುತ್ತದೆ. ಮೂವತ್ತು ಕಿಲೋಮೀಟರಿಗೂ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚಿನ ಅಂತರವೇ ಉಳಿಯಲಿಲ್ಲ. ನಾಲ್ಕು ಅಂಗಡಿಯವರು ಸೇರಿ ಒಂದೇ ವಾಹನ ತುಂಬಿಸಿ ತಂದರೆ ಬಾಡಿಗೆಯೂ ಇಂಗಾಲವೂ ನಾಲ್ಕನೆಯ ಒಂದು ಭಾಗಕ್ಕೆ ಸಮೀಪಿಸುತ್ತವೆ.

ಸಾಗಣೆಗಿಂತ ದೊಡ್ಡ ನಷ್ಟ ಹಾಳಾಗುವುದರಲ್ಲಿದೆ. ಬೆಲೆ ಕುಸಿದಾಗ ಟೊಮೆಟೊವನ್ನು ರಸ್ತೆಗೆ ಸುರಿಯುವ ದೃಶ್ಯ ನಮ್ಮ ಜಿಲ್ಲೆಗೆ ಹೊಸದಲ್ಲ. ಬೆಳೆದದ್ದರಲ್ಲಿ ಅರ್ಧ ಕೊಳೆತರೆ ಮಾರಾಟವಾದ ಪ್ರತಿ ಕಿಲೋದ ಇಂಗಾಲ ಇಮ್ಮಡಿಯಾಗುತ್ತದೆ.

ಒಂದು ಪೂರಿ ಘಟಕದ ಮಾದರಿ ಲೆಕ್ಕ

ಬಂಗಾರಪೇಟೆಯ ಹೆಸರು ಇಂದು ಬೆಂಗಳೂರಿನ ಬೀದಿಗಳಲ್ಲೂ ಕಾಣುವುದು ಪಾನಿಪೂರಿಯ ಫಲಕಗಳ ಮೇಲೆ. ಆದ್ದರಿಂದ ಪೂರಿ ತಯಾರಿಸುವ ಕಲ್ಪಿತ ಘಟಕವೊಂದರ ಲೆಕ್ಕವನ್ನು ಇಲ್ಲಿ ಕೊಡಲಾಗಿದೆ. ತಿಂಗಳಿಗೆ 2,000 ಕಿಲೋ ಪೂರಿ, ಹೊಲದಿಂದ ಅಂಗಡಿಯ ಬಾಗಿಲವರೆಗೆ ಎಂಬುದು ಇದರ ಗಡಿ.

ರವೆ ಮತ್ತು ಮೈದಾ 1,650 ಕಿಲೋ, ಕಿಲೋಗೆ 1 ಕಿ.ಗ್ರಾಂ.ನಂತೆ ಅಂದಾಜು: 1,650 ಕಿ.ಗ್ರಾಂ.
ಸೂರ್ಯಕಾಂತಿ ಎಣ್ಣೆ 540 ಲೀಟರ್, ಲೀಟರಿಗೆ ಜಾಗತಿಕ ಸರಾಸರಿ 3.6ರಂತೆ: 1,944 ಕಿ.ಗ್ರಾಂ.
19 ಕಿಲೋದ ವಾಣಿಜ್ಯ ಅನಿಲ ಸಿಲಿಂಡರ್ 20, ಅನಿಲದ ಕಿಲೋಗೆ 3ರಂತೆ: 1,140 ಕಿ.ಗ್ರಾಂ.
ವಿದ್ಯುತ್ 600 ಯೂನಿಟ್, 0.7ರಂತೆ: 420 ಕಿ.ಗ್ರಾಂ.
ಡೀಸೆಲ್ 100 ಲೀಟರ್, 2.7ರಂತೆ: 270 ಕಿ.ಗ್ರಾಂ.
ಪ್ಲಾಸ್ಟಿಕ್ ಹಾಳೆ 40 ಕಿಲೋ, 3ರಂತೆ ಅಂದಾಜು: 120 ಕಿ.ಗ್ರಾಂ.
ಒಟ್ಟು: 5,544 ಕಿ.ಗ್ರಾಂ. ಅಂದರೆ ಕಿಲೋ ಪೂರಿಗೆ ಸುಮಾರು 2.8 ಕಿ.ಗ್ರಾಂ.

ಈ ಪಟ್ಟಿ ಹಲವು ಸಂಗತಿಗಳನ್ನು ತಿಳಿಸುತ್ತದೆ. ಒಟ್ಟು ಮೊತ್ತದಲ್ಲಿ ಹಿಟ್ಟು ಮತ್ತು ಎಣ್ಣೆಯ ಪಾಲೇ ಶೇ. 65. ಜನರ ಕಣ್ಣಿಗೆ ಮೊದಲು ಬೀಳುವ ಪ್ಲಾಸ್ಟಿಕ್ ಹೊದಿಕೆಯ ಪಾಲು ಶೇ. 2 ಮಾತ್ರ. (ಪ್ಲಾಸ್ಟಿಕ್ ತ್ಯಾಜ್ಯದ ಸಮಸ್ಯೆ ಬೇರೆಯದೇ ವಿಷಯ.) ಸೂರ್ಯಕಾಂತಿಯ ಬದಲು ತಾಳೆ ಎಣ್ಣೆ ಬಳಸಿದರೆ ಅದರ ಜಾಗತಿಕ ಸರಾಸರಿ ಲೀಟರಿಗೆ 7.3 ಆದ್ದರಿಂದ ಒಟ್ಟು ಮೊತ್ತ 7,542ಕ್ಕೆ, ಕಿಲೋ ಪೂರಿಯ ಅಂಕಿ 3.8ಕ್ಕೆ ಏರುತ್ತದೆ. ಅಗ್ಗದ ಎಣ್ಣೆಯ ಈ ಬೆಲೆ ಖರೀದಿ ಬಿಲ್ಲಿನಲ್ಲಿ ಕಾಣಿಸುವುದಿಲ್ಲ. ಒಡೆದು ಹೋದ 100 ಕಿಲೋ ಪೂರಿಯನ್ನು ಎಸೆದರೆ 2.8 ಇದ್ದ ಅಂಕಿ 2.9 ದಾಟುತ್ತದೆ. ಇನ್ನು ಬಾಣಲೆಯ ಕೆಳಗೆ ಪೋಲಾಗುವ ಉರಿಯನ್ನು ತಡೆದು, ಒಲೆಯ ಬರ್ನರ್ ಶುಚಿಗೊಳಿಸಿ, ನಾಲ್ಕು ಸಿಲಿಂಡರ್ ಉಳಿಸಿದರೆ ತಿಂಗಳಿಗೆ 228 ಕಿ.ಗ್ರಾಂ. ಇಂಗಾಲ ತಗ್ಗುತ್ತದೆ. ಅದರ ಹಣದ ಲೆಕ್ಕವನ್ನು ನಾಲ್ಕು ಸಿಲಿಂಡರುಗಳ ಬೆಲೆಯಿಂದ ಓದುಗರೇ ಮಾಡಿಕೊಳ್ಳಬಹುದು.

ಬ್ರಿಟನ್ನಿನ ಅನುಭವ

ಇಂಗಾಲದ ಅಂಕಿಯನ್ನು ಪೊಟ್ಟಣದ ಮೇಲೆ ಮುದ್ರಿಸುವ ಪ್ರಯತ್ನ ಬ್ರಿಟನ್ನಿನಲ್ಲಿ 2007ರಲ್ಲಿ ಆರಂಭವಾಯಿತು. ಟೆಸ್ಕೊ ಎಂಬ ಬೃಹತ್ ಚಿಲ್ಲರೆ ಮಾರಾಟ ಸಂಸ್ಥೆ ನೂರಾರು ಸರಕುಗಳಿಗೆ ಚೀಟಿ ಅಂಟಿಸಿ, ಪ್ರತಿ ಸರಕಿನ ಲೆಕ್ಕಕ್ಕೆ ತಗಲುವ ಶ್ರಮ ವಿಪರೀತವೆಂದೂ ಇತರ ಅಂಗಡಿಗಳು ಕೈಜೋಡಿಸಲಿಲ್ಲವೆಂದೂ ಹೇಳಿ 2012ರಲ್ಲಿ ಅದನ್ನು ಕೈಬಿಟ್ಟಿತು. ವಾಕರ್ಸ್ ಎಂಬ ಆಲೂಗಡ್ಡೆ ಚಿಪ್ಸ್ ಕಂಪನಿಯ ಅನುಭವ ಬೇರೆಯಾಗಿತ್ತು. ಲೆಕ್ಕ ಹಾಕುವಾಗ ಅದಕ್ಕೊಂದು ಸಂಗತಿ ತಿಳಿಯಿತು. ಆಲೂಗಡ್ಡೆಯನ್ನು ತೂಕದ ಮೇಲೆ ಕೊಳ್ಳುತ್ತಿದ್ದುದರಿಂದ ರೈತರು ಅದನ್ನು ತೇವವಾಗಿಯೇ ಇಡುತ್ತಿದ್ದರು. ಹೀಗೆ ಹಣ ಕೊಟ್ಟು ಕೊಂಡ ನೀರನ್ನು ಕಾರ್ಖಾನೆಯಲ್ಲಿ ಮತ್ತೆ ಹಣ ಕೊಟ್ಟು, ಇಂಧನ ಸುಟ್ಟು ಆವಿಯಾಗಿಸಬೇಕಾಗಿತ್ತು. ಒಣ ಅಂಶದ ಮೇಲೆ ಬೆಲೆ ಕಟ್ಟುವುದು ಲಾಭಕರವೆಂದು ಆ ಲೆಕ್ಕ ತೋರಿಸಿತು. ಚೀಟಿ ಉಳಿಯಲಿ ಬಿಡಲಿ, ಲೆಕ್ಕದಿಂದ ಬಂದ ತಿಳುವಳಿಕೆ ಉಳಿಯುತ್ತದೆ.

ಈಗ ಮಾಡಬಹುದಾದ ಕೆಲಸ

ಸಣ್ಣ ಘಟಕಕ್ಕೆ ದುಬಾರಿ ಸಲಹೆಗಾರರಾಗಲಿ ಯಂತ್ರಗಳಾಗಲಿ ತಕ್ಷಣ ಬೇಕಾಗಿಲ್ಲ. ವಿದ್ಯುತ್ ಬಿಲ್ಲು, ಸಿಲಿಂಡರ್ ರಸೀದಿ, ಡೀಸೆಲ್ ಚೀಟಿ, ಕಚ್ಚಾ ಮಾಲಿನ ಖರೀದಿ ಪುಸ್ತಕ ಮತ್ತು ಎಸೆದ ಸರಕಿನ ತೂಕ, ಈ ಐದನ್ನು ಹನ್ನೆರಡು ತಿಂಗಳು ಒಂದೆಡೆ ಬರೆದಿಟ್ಟರೆ ಅರ್ಧ ಕೆಲಸ ಮುಗಿದಂತೆ. ಒಂದೇ ತಿಂಗಳ ಅಂಕಿ ನಂಬಲರ್ಹವಲ್ಲ, ಹಬ್ಬದ ತಿಂಗಳಿಗೂ ಮಳೆಗಾಲಕ್ಕೂ ಅಂತರವಿರುತ್ತದೆ. ಘಟಕದಲ್ಲಿ ಹಲವು ಸರಕುಗಳು ತಯಾರಾಗುವುದಾದರೆ ಇಂಧನವನ್ನು ಯಾವ ಅನುಪಾತದಲ್ಲಿ ಹಂಚಲಾಗಿದೆ ಎಂಬುದನ್ನು ಬರೆದಿಟ್ಟು, ಪ್ರತಿ ವರ್ಷವೂ ಅದೇ ಕ್ರಮವನ್ನು ಪಾಲಿಸಬೇಕು. ಕಟ್ಟಿಗೆ, ಭತ್ತದ ಹೊಟ್ಟು ಮುಂತಾದ ಸಸ್ಯಮೂಲದ ಇಂಧನದ ಇಂಗಾಲವನ್ನು ಬೇರೆ ಸಾಲಿನಲ್ಲಿ ತೋರಿಸುವುದು ರೂಢಿ.

ಅಂಕಿ ಕೈಗೆ ಬಂದ ಕೂಡಲೇ ಅದನ್ನು ಜಾಹೀರಾತಿಗೆ ಬಳಸುವ ಆತುರ ಬೇಡ. ಪರಿಸರಸ್ನೇಹಿ, ಇಂಗಾಲಮುಕ್ತ ಎಂಬಂತಹ ಆಧಾರರಹಿತ ಹೇಳಿಕೆಗಳನ್ನು ತಡೆಯಲು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2024ರ ಅಕ್ಟೋಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಹೇಳಿಕೆಗೆ ಪರಿಶೀಲಿಸಬಹುದಾದ ಆಧಾರವಿರಬೇಕು. ಇನ್ನು ಯುರೋಪ್ ಒಕ್ಕೂಟದ ಗಡಿ ಇಂಗಾಲ ಸುಂಕದ ಬಗ್ಗೆ ಆಹಾರ ತಯಾರಕರಲ್ಲಿ ಆತಂಕ ಕಂಡುಬರುತ್ತಿದೆ. ಅದು ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್, ರಸಗೊಬ್ಬರ, ವಿದ್ಯುತ್ ಮತ್ತು ಜಲಜನಕಕ್ಕೆ ಸಂಬಂಧಿಸಿದ್ದು. ಆಹಾರ ಪದಾರ್ಥಗಳು ಅದರ ವ್ಯಾಪ್ತಿಗೆ ಬಂದಿಲ್ಲ.

ಒಂದೊಂದು ಘಟಕವೂ ಪ್ರತ್ಯೇಕವಾಗಿ ರೈತರ ಹೊಲದ ಅಂಕಿ ಸಂಗ್ರಹಿಸುವುದು ಕಷ್ಟಸಾಧ್ಯ. ಒಂದೇ ಸರಕಿನ ಹತ್ತು ತಯಾರಕರು ಕೂಡಿ ಒಂದು ಲೆಕ್ಕ ಮಾಡಿಸಿದರೆ ಖರ್ಚು ಹಂಚಿಹೋಗುತ್ತದೆ, ಅಂಕಿಗೂ ತೂಕ ಬರುತ್ತದೆ. ಈ ಭಾಗದ ರಾಗಿ, ಟೊಮೆಟೊ ಮತ್ತು ಅಕ್ಕಿಯ ಮಟ್ಟಿಗೆ ಇಂತಹ ಸಾಮೂಹಿಕ ಲೆಕ್ಕವನ್ನು ವರ್ತಕರ ಸಂಘಗಳೇ ಮುಂದಾಗಿ ಕೈಗೆತ್ತಿಕೊಳ್ಳುವುದು ಸೂಕ್ತ. ಸದಸ್ಯರು ಬರುವ ತಿಂಗಳ ಮೊದಲ ದಿನದಿಂದಲೇ ಮೇಲೆ ಹೇಳಿದ ಐದು ಬಾಬ್ತುಗಳಿಗೆ ಒಂದು ನೋಟ್ ಪುಸ್ತಕ ತೆರೆದರೆ, ಖರೀದಿದಾರನ ಪ್ರಶ್ನೆ ಬಂದ ದಿನ ಅವರ ಉತ್ತರ ಅವರದೇ ಕೈಬರಹದಲ್ಲಿ ಸಿದ್ಧವಿರುತ್ತದೆ.